ಕರಿ ಪರದೆಯ ಕಡೆಯ ಸಾಲು

ಯಶವಂತನಗರದ ಆ ಆಫೀಸಿನಲ್ಲಿ ನಿನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ "ಮೇಲ್ ನೋಡ್ತೀನಿ" ಎನ್ನುತ್ತಿದ್ದೆ. ಕೇಳಿದವರು, ಇಷ್ಟೇನಾ ಎಂಬಂತೆ ಮುಖ ನೋಡುತ್ತಿದ್ದರು. ನಮ್ಮವ್ವನಂತೂ ಬುಕ್ಕಸಾಗರದಲ್ಲಿ ನಾಟಿ ಹಚ್ಚುವಾಗ ಗದ್ದೆಯಲ್ಲಿದ್ದ ಅಷ್ಟೂ ಹೆಂಗಸರ ಮುಂದೆ "ನನ್ನ ಮಗಳಿಗೆ ನೋಡಾಕೂ ಪಗಾರ ಕೊಡ್ತಾರ" ಎಂದು ಹೇಳಿ ನಗಿಸಿದ್ದಳು. ನಾನೂ ನಕ್ಕಿದ್ದೆ. ಈಗ ಆ ಕೆಲಸ ಬಿಟ್ಟು ಕಂಪ್ಲಿಯಲ್ಲಿ ಒಂದು ಅಂಗಡಿಯಲ್ಲಿ ಅರ್ಜಿ ತುಂಬಿಕೊಡುತ್ತೇನೆ. ನೋಡುವ ಕೆಲಸವನ್ನು ನಾನು ಸರಿಯಾಗಿ ಮಾಡಲಿಲ್ಲ ಎಂಬುದು ಅವ್ವನಿಗೆ ಇನ್ನೂ ಗೊತ್ತಿಲ್ಲ.

ಗಣಿಗೆ ಲಾರಿ, ಟ್ಯಾಂಕರ್, ಡ್ರೈವರುಗಳನ್ನು ಒದಗಿಸುವ ಗುತ್ತಿಗೆದಾರರ ಆಫೀಸು ಅದು. ಬೆಳಿಗ್ಗೆ ಹೊಸಪೇಟೆಯ ನಿಲ್ದಾಣದಲ್ಲಿ ಹಂಪಿಯ ಬಸ್ಸಿನೊಳಗೆ ಕ್ಯಾಮೆರಾ ನೇತುಹಾಕಿಕೊಂಡವರು ಹತ್ತುತ್ತಿದ್ದರೆ ನಾವು ಎದುರು ಬದಿಯಲ್ಲಿ ಕಂಪನಿ ಬಸ್ಸಿಗೆ ಕಾಯುತ್ತಿದ್ದೆವು. ಸಂಡೂರು ದಾಟಿ ಗುಡ್ಡದ ಬುಡಕ್ಕೆ ಹೋಗುವಷ್ಟರಲ್ಲಿ ಬಿಳಿ ದುಪಟ್ಟ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತಿತ್ತು. ಆಮೇಲೆ ಬಿಳಿ ಉಡುವುದನ್ನೇ ಬಿಟ್ಟೆ.

ಅಲ್ಲಿ ಇಂಟರ್ನೆಟ್ ಈಗಲೋ ಆಗಲೋ ತುಂಡಾಗುವ ದಾರದ ಹಾಗೆ ಬರುತ್ತಿತ್ತು. ಚಿತ್ರವಿರುವ ಪುಟ ತೆರೆಯಲು ಹೋದರೆ ಚಹಾ ಕುಡಿದು ಬರಬಹುದಿತ್ತು. ಅದಕ್ಕೆಂದೇ ಯಾರೋ ಒಬ್ಬ ಸಿಸ್ಟಮ್ ಎಂಜಿನಿಯರು ಹಿಂದೆ ಬಂದು, ಹಳೆಯ ಯಂತ್ರವೊಂದಕ್ಕೆ ಬರೀ ಅಕ್ಷರಗಳಿಂದಲೇ ನಡೆಯುವ ಮೇಲ್ ಪ್ರೋಗ್ರಾಮ್ ಹಾಕಿಕೊಟ್ಟು ಹೋಗಿದ್ದ. ಕರಿ ಪರದೆ, ಬಿಳಿ ಅಕ್ಷರ. ಮೌಸಿಲ್ಲ, ಬಣ್ಣವಿಲ್ಲ, ಒತ್ತಲು ಚಿತ್ರದ ಗುಂಡಿಗಳಿಲ್ಲ. ಏನು ಮಾಡಬೇಕಿದ್ದರೂ ಒಂದು ಅಕ್ಷರ ಒತ್ತಬೇಕು. ಇಡೀ ಆಫೀಸಿಗೆ ಒಂದೇ ವಿಳಾಸ, ಆ ವಿಳಾಸಕ್ಕೆ ಬಂದದ್ದೆಲ್ಲ ಆ ಒಂದೇ ಯಂತ್ರಕ್ಕೆ. ಬಂದದ್ದನ್ನು ಓದಿ, ಪ್ರಿಂಟ್ ತೆಗೆದು, ಯಾರದು ಅವರಿಗೆ ಮುಟ್ಟಿಸುವುದು ನನ್ನ ಕೆಲಸ. ಕಂಪ್ಯೂಟರ್ ಡಿಪ್ಲೊಮಾ ಮಾಡಿದವಳಿಗೆ ಇದೇನು ಅಜ್ಜನ ಕಾಲದ್ದು ಎಂದು ಮೊದಲ ವಾರ ಸಿಡಿಮಿಡಿಗೊಂಡಿದ್ದೆ.

ಕಲಿಸಿದವರು ನನಗಿಂತ ಮೊದಲು ಅಲ್ಲಿದ್ದ ಆಪರೇಟರ್. ನಿವೃತ್ತಿಗೆ ಕೆಲವೇ ತಿಂಗಳಿದ್ದ ಅವರು ಕನ್ನಡಕದ ಮುರಿದ ಕಡ್ಡಿಗೆ ದಾರ ಸುತ್ತಿಕೊಂಡಿದ್ದರು. ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೆ ಆ ಪ್ರೋಗ್ರಾಮಿನ ಒಂದೊಂದು ಅಕ್ಷರವೂ ಬೆರಳಿಗೆ ಗೊತ್ತಿತ್ತು.

"ನೋಡವ್ವ, ಬಂದ ಮೇಲ್ ಎಲ್ಲಾ ಒಂದು ರಾಶಿ. ಅದಕ್ಕ ಮೇಲ್‌ಬಾಕ್ಸ್ ಅಂತಾರ," ಎಂದು ಶುರು ಮಾಡಿದರು. "ಇಲ್ಲಿ ಕಾಣೋದು ರಾಶಿ ಅಲ್ಲ, ರಾಶೀದು ಪಟ್ಟಿ. ಒಂದು ಸಾಲಿಗೆ ಒಂದು ಕಾಗದ. ಬಾಣ ಯಾವ ಸಾಲಿನ ಮ್ಯಾಲೆ ಐತೋ ಅದು ತೆರಿತೈತಿ."

ಪ್ರತಿ ಸಾಲಿನ ಮೊದಲಿಗೆ ಒಂದು ಅಕ್ಷರವಿರುತ್ತಿತ್ತು. ಎನ್ ಎಂದರೆ ಹೊಸದು, ಇನ್ನೂ ಯಾರೂ ಮುಟ್ಟಿಲ್ಲ. ಓ ಎಂದರೆ ಬಂದಿದ್ದು ಗೊತ್ತು, ಆದರೆ ತೆರೆದಿಲ್ಲ. ಬಾಗಿಲಿಗೆ ಬಂದವರನ್ನು ಕಂಡೂ ಒಳಗೆ ಕರೆಯದ ಹಾಗೆ ಎಂದು ಅವರು ವಿವರಿಸಿದ್ದರು. ಡಿ ಎಂದರೆ ಅಳಿಸಲು ಗುರುತು ಹಾಕಿದ್ದು. ಗುರುತು ಹಾಕಿದ ಮಾತ್ರಕ್ಕೆ ಅದು ಹೋಗುವುದಿಲ್ಲ, ಪಟ್ಟಿಯಲ್ಲೇ ಕೂತಿರುತ್ತದೆ. ಯು ಒತ್ತಿದರೆ ಗುರುತು ಹೋಗಿ ಮೊದಲಿನಂತೆ ಆಗುತ್ತದೆ. ಆರ್ ಒತ್ತಿದರೆ ಬರೆದವರಿಗೆ ಮಾತ್ರ ಉತ್ತರ, ಜಿ ಒತ್ತಿದರೆ ಆ ಮೇಲಿನಲ್ಲಿ ಹೆಸರಿರುವ ಎಲ್ಲರಿಗೂ. ಒಮ್ಮೆ ಅವರು ಮ್ಯಾನೇಜರ ಹೊಟ್ಟೆಯ ಬಗ್ಗೆ ಬರೆದ ಒಂದು ಸಾಲು ಆರ್ ಬದಲು ಜಿ ಒತ್ತಿದ್ದರಿಂದ ಸ್ವತಃ ಮ್ಯಾನೇಜರಿಗೂ ಹೋಗಿತ್ತಂತೆ. ಆ ವರ್ಷ ಅವರಿಗೆ ದೀಪಾವಳಿಯ ಸಿಹಿ ಡಬ್ಬಿ ಬರಲಿಲ್ಲ.

ಅವರಿಗೆ ಭಯವಿದ್ದದ್ದು ಕ್ಯೂ ಅಕ್ಷರದ ಮೇಲೆ. ಕಾಗದ ಓದುವಾಗ ಕ್ಯೂ ಒತ್ತಿದರೆ ಪಟ್ಟಿಗೆ ಮರಳುತ್ತೇವೆ. ಪಟ್ಟಿಯಲ್ಲಿದ್ದಾಗ ಅದೇ ಕ್ಯೂ ಒತ್ತಿದರೆ ಪ್ರೋಗ್ರಾಮಿನಿಂದಲೇ ಹೊರಗೆ. ಹೊರಗೆ ಬರುವ ಮುಂಚೆ, ಡಿ ಹಾಕಿದ್ದನ್ನೆಲ್ಲ ನಿಜವಾಗಿ ತೆಗೆದುಬಿಡಲೇ ಎಂದು ಅದು ಕೆಳಗೆ ಒಂದು ಪ್ರಶ್ನೆ ಕೇಳುತ್ತದೆ. ಹೊರಗೆ ಹೋಗಲೇ ಎಂದು ಕೇಳುತ್ತಿದೆ ಅಂದುಕೊಂಡು ಅವರು ಒಮ್ಮೆ ಹೌದು ಎಂದಿದ್ದರು. ಬೇಕಾದ ಪರ್ಮಿಟ್ಟುಗಳೂ ಆ ರಾಶಿಯಲ್ಲಿ ಹೋಗಿದ್ದವು. ಅಂದಿನಿಂದ ಆ ಆಫೀಸಿನಲ್ಲಿ ಒಂದು ಕಟ್ಟುಪಾಡು: ಪ್ರೋಗ್ರಾಮಿನಿಂದ ಹೊರಗೆ ಬರಬಾರದು. ಸಂಜೆ ಮಾನಿಟರ್ ಮಾತ್ರ ಆರಿಸುವುದು, ಬೆಳಿಗ್ಗೆ ಹಚ್ಚುವುದು. ಒಳಗೆ ಪ್ರೋಗ್ರಾಮ್ ವರ್ಷಗಟ್ಟಲೆ ನಡೆಯುತ್ತಲೇ ಇರುತ್ತಿತ್ತು. ಕರೆಂಟು ಹೋದರೆ ಯುಪಿಎಸ್ ಹಿಡಿಯುತ್ತಿತ್ತು.

ಇನ್ನೊಂದು ಅಕ್ಷರ ಎಲ್. ಅದನ್ನು ಒತ್ತಿ ಒಂದು ಹೆಸರು ಹೊಡೆದರೆ ಆ ಹೆಸರಿನ ಸಾಲುಗಳು ಮಾತ್ರ ಪಟ್ಟಿಯಲ್ಲಿ ಉಳಿಯುತ್ತವೆ.

"ಉಳಿದವು ಎಲ್ಲೂ ಹೋಗಿರಲ್ಲ, ಕಾಣಂಗಿಲ್ಲ ಅಷ್ಟ," ಎಂದರು. "ಕೆಲಸ ಮುಗದ ಮ್ಯಾಲೆ ಮತ್ತ ಎಲ್ ಒತ್ತಿ ಆಲ್ ಅಂತ ಹೊಡಿ. ಇಲ್ಲಾಂದ್ರ ಹಂಗs ಕುಂತುಬಿಡತೈತಿ. ಕೆಳಗಿನ ಸಾಲಿನಾಗ ಎರಡು ಅಂಕಿ ಇರ್ತಾವ ನೋಡು. ಮೊದಲಿನದು ಕಾಣೋದು ಎಷ್ಟು, ಎರಡನೇದು ಇರೋದು ಎಷ್ಟು. ಅಲ್ಲಿ ಒಂದs ಅಂಕಿ ಇತ್ತಂದ್ರ ಎಲ್ಲಾ ಕಾಣಾಕತ್ತೈತಿ ಅಂತ ತಿಳಕ."

ಅವರು ನಿವೃತ್ತರಾದ ಮೇಲೆ ಆ ಕುರ್ಚಿ ನನ್ನದಾಯಿತು. ಹಾಳೂರಿಗೆ ಉಳಿದವನೇ ಗೌಡ ಎನ್ನುತ್ತಾರಲ್ಲ, ಹಾಗೆ. ಆ ಪ್ರೋಗ್ರಾಮ್ ಬಲ್ಲವರು ಇಡೀ ಯಶವಂತನಗರದಲ್ಲಿ ನಾನೊಬ್ಬಳೇ ಎಂಬ ಜಂಬ ನನಗೆ ಬಂದುಬಿಟ್ಟಿತು. ಜಂಬ ಎಂದೇ ಬರೆಯುತ್ತೇನೆ, ಅದಕ್ಕೆ ಬೇರೆ ಒಳ್ಳೆಯ ಹೆಸರು ಕೊಡುವುದಿಲ್ಲ.

ದಸರಾ ಹತ್ತಿರವಿದ್ದಾಗ ಕೆಲಸಗಾರರಿಗೆಲ್ಲ ಎದೆಯ ಎಕ್ಸ್‌ರೇ ತೆಗೆಯಲು ಒಂದು ವ್ಯಾನು ಬಂತು. ಎರಡು ದಿನ ಸಾಲು ನಿಂತು ಎಲ್ಲರೂ ತೆಗೆಸಿಕೊಂಡರು. ವರದಿ ಮೇಲಿನಲ್ಲಿ ಬರುತ್ತದೆ, ಆಫೀಸಿನಲ್ಲಿ ಕೇಳಿ ಎಂದು ಹೇಳಿ ಹೋದರು. ಬಹಳ ಜನಕ್ಕೆ ಮರುದಿನವೇ ಅದು ಮರೆತುಹೋಯಿತು. ಮರೆಯದವರು ಒಬ್ಬರಿದ್ದರು.

ಅವರು ನೀರಿನ ಟ್ಯಾಂಕರ್ ಓಡಿಸುತ್ತಿದ್ದರು. ಲಾರಿಗಳು ಓಡಾಡುವ ಗಣಿಯ ಹಾದಿಗೆ ದಿನವಿಡೀ ನೀರು ಚೆಲ್ಲಿ ಧೂಳು ಕೂರಿಸುವುದು ಅವರ ಕೆಲಸ. ಊರು ಚೋರನೂರು. ಐವತ್ತು ದಾಟಿತ್ತು. ಎಷ್ಟೋ ದಿನದಿಂದ ಕೆಮ್ಮು. ಮಗಳು ಚೊಚ್ಚಿಲ ಹೆರಿಗೆಗೆ ತವರಿಗೆ ಬಂದಿದ್ದಳು, ಹೆಣ್ಣು ಕೂಸು ಹುಟ್ಟಿತ್ತು. ಊರಿನ ಆಶಾ ಕಾರ್ಯಕರ್ತೆ ಫೋನಿನಲ್ಲಿ ಇವರ ಕೆಮ್ಮು ಕೇಳಿಸಿಕೊಂಡು, ಎಕ್ಸ್‌ರೇ ವರದಿ ಬರುವವರೆಗೆ ಕೂಸಿನ ಹತ್ತಿರ ಸುಳಿಯಬೇಡಿ ಎಂದಿದ್ದಳಂತೆ. ಆ ಮಾತಿಗೆ ಕಟ್ಟುಬಿದ್ದು, ವಾರಕ್ಕೊಮ್ಮೆ ಊರಿಗೆ ಹೋಗುತ್ತಿದ್ದವರು ಹೋಗುವುದನ್ನೇ ಬಿಟ್ಟು ಕಾರ್ಮಿಕರ ಶೆಡ್ಡಿನಲ್ಲಿ ಇದ್ದರು.

ಶಿಫ್ಟ್ ಮುಗಿದ ಕೂಡಲೇ ನನ್ನ ಕಿಟಕಿಗೆ ಬರುತ್ತಿದ್ದರು.

"ನಂದೊಂದು ಕಾಗದ ಬರಾದು ಐತ್ರಿ. ಬಂತೇನ್ರಿ?"

"ಇನ್ನಾ ಬಂದಿಲ್ರಿ."

"ಕೂಸಿನ ಮಕ ನೋಡಿಲ್ರಿ ನಾನು. ಅದು ಬರ್ಲಿ ಅಂತ ಕುಂತೀನಿ."

ಮೊದಲ ದಿನಗಳಲ್ಲಿ ನನ್ನ ಉತ್ತರ ಸತ್ಯವಾಗಿತ್ತು. ವರದಿ ನಿಜಕ್ಕೂ ಬಂದಿರಲಿಲ್ಲ.

ಆಯುಧಪೂಜೆಯ ಹಿಂದಿನ ದಿನ ಮಧ್ಯಾಹ್ನ ಮ್ಯಾನೇಜರ್ ಬಂದು, ತಪಾಸಣೆಗೆ ಅಧಿಕಾರಿಗಳು ಬರುತ್ತಿದ್ದಾರೆ, ಲಾರಿಗಳನ್ನು ತೂಗುವ ತೂಕದ ಸೇತುವೆಯಿಂದ ಬಂದ ಮೇಲುಗಳನ್ನೆಲ್ಲ ತೆಗೆದು ಕೊಡು ಎಂದರು. ಎಲ್ ಒತ್ತಿದೆ. ತೂಕದ ಸೇತುವೆಯ ವಿಳಾಸ ಹೊಡೆದೆ. ಪಟ್ಟಿ ಕುಗ್ಗಿ ಅವರ ಸಾಲುಗಳು ಮಾತ್ರ ಉಳಿದವು. ಒಂದೊಂದೇ ಪ್ರಿಂಟ್ ತೆಗೆಯುತ್ತಿರುವಾಗಲೇ ಆಫೀಸಿನ ಅಟೆಂಡರ್ ಬಕೆಟ್ಟು, ಬಟ್ಟೆ ಹಿಡಿದು ಬಂದ.

"ಏಳ್ರಿ ಮೇಡಂ, ಜಲ್ದಿ. ಮಷಿನ್ ಒರಸಿ ಪೂಜಿಗೆ ರೆಡಿ ಮಾಡಬೇಕು."

ಕೊನೆಯ ಹಾಳೆ ತೆಗೆದುಕೊಂಡು ಎದ್ದೆ. ಎಲ್ ಒತ್ತಿ ಆಲ್ ಎಂದು ಹೊಡೆಯಲಿಲ್ಲ.

ಗಣಿಯ ಕಡೆ ಆಯುಧಪೂಜೆ ಎಂದರೆ ಸಣ್ಣ ಹಬ್ಬವಲ್ಲ. ಮನೆಯಲ್ಲಿ ದೇವರಿಗೆ ಕೈ ಮುಗಿಯದವರೂ ಅಂದು ಲಾರಿಯ ಗಾಲಿಗೆ ಮುಗಿಯುತ್ತಾರೆ. ಚೆಂಡುಹೂವಿನ ಮಾಲೆ, ಬೂದುಗುಂಬಳ, ನಿಂಬೆಹಣ್ಣು. ಆಫೀಸಿನ ಯಂತ್ರಗಳಿಗೂ ಪಾಲಿತ್ತು. ಅಟೆಂಡರ್ ಮಾನಿಟರಿನ ಗಾಜಿನ ಮೇಲೆಯೇ, ಕೆಳಗಡೆ, ಮೂರು ಬೆರಳಿನಿಂದ ಈ ತುದಿಯಿಂದ ಆ ತುದಿಗೆ ವಿಭೂತಿ ಎಳೆದು, ನಡುವೆ ಅಗಲಕ್ಕೆ ಕುಂಕುಮ ಇಟ್ಟ. ನೀರಿನಲ್ಲಿ ಕಲಸಿದ ವಿಭೂತಿ ಒಣಗಿ ಸುಣ್ಣದಂತೆ ಗಟ್ಟಿಯಾಯಿತು. ಎರಡು ಅಂಕಿಗಳಿದ್ದ ಸಾಲು ಅದರ ಹಿಂದೆ ಹೋಯಿತು.

ಪೂಜೆಯಲ್ಲಿ ಇಟ್ಟದ್ದನ್ನು ಒರೆಸಬಾರದು, ತಾನಾಗಿಯೇ ಉದುರಬೇಕು ಎಂಬುದು ಅಲ್ಲಿನ ರೂಢಿ. ಲಾರಿಗಳ ಗಾಜಿನ ಮೇಲೂ ದೀಪಾವಳಿವರೆಗೆ ಕುಂಕುಮ ಹಾಗೇ ಇರುತ್ತಿತ್ತು. ನಮ್ಮ ಮನೆಯಲ್ಲಿ ಈ ಪೂಜೆ ಇಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಬೌದ್ಧರಾದರು, ಆಮೇಲೆ ಕುಂಕುಮ ವಿಭೂತಿ ಎಲ್ಲ ನಿಂತಿತು. ಆಫೀಸಿನಲ್ಲಿ ಇದನ್ನು ನಾನು ಹೇಳಿಕೊಂಡೂ ಇರಲಿಲ್ಲ, ಮುಚ್ಚಿಟ್ಟೂ ಇರಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದದ್ದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಯಾರು ಯಾರ ಪಕ್ಕ ಕೂರುತ್ತಾರೆ ಎಂಬುದರಲ್ಲಿ ಮಾತ್ರ ಕಾಣುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ಹಬ್ಬದ ಮಾರನೆಯ ದಿನವೇ ಒದ್ದೆ ಬಟ್ಟೆಯಿಂದ ಒರೆಸಿ, ಕಾಣುತ್ತಿರಲಿಲ್ಲ ಒರೆಸಿದೆ ಎನ್ನಬಹುದಿತ್ತು. ನಾನು ಒರೆಸಿದರೆ ಅದೇ ಮಾತಾಗುತ್ತಿತ್ತು. ಅವರಲ್ಲವಾ, ಒರೆಸದೆ ಇರ್ತಾರಾ ಎನ್ನುವ ಮಾತು. ಆ ಮಾತು ಬೇಡವೆಂದು ಗಾಜನ್ನು ಹಾಗೇ ಬಿಟ್ಟೆ. ದಿನಾ ಎಂಟು ಗಂಟೆ ಆ ಮೂರು ಗೆರೆಗಳ ಮೇಲಿನ ಪಟ್ಟಿಯನ್ನು ನೋಡುತ್ತ ಕೂತೆ.

ಪಟ್ಟಿ ಸತ್ತಂತೆಯೂ ಇರಲಿಲ್ಲ. ತೂಕದ ಸೇತುವೆಯಿಂದ ದಿನಕ್ಕೆ ನಾಲ್ಕಾರು ಮೇಲ್ ಬರುತ್ತಿದ್ದವು, ಸಾಲಿನ ಮೊದಲಿಗೆ ಎನ್ ಹೊತ್ತುಕೊಂಡು. ನಮಗೆ ಬರುವುದರಲ್ಲಿ ಹೆಚ್ಚಿನದು ಮೊದಲಿನಿಂದಲೂ ಅವರದೇ ಆಗಿದ್ದರಿಂದ ಏನೂ ಕೊರತೆ ಅನಿಸಲಿಲ್ಲ. ಬಿಡಿಭಾಗ ತರಿಸುವವನು ಒಮ್ಮೆ ಬಂದು ಕೊಟೇಶನ್ ಬಂತಾ ಎಂದ. ಇಲ್ಲ ಎಂದೆ. ಅವನು ಅಲ್ಲೇ ನಿಂತು ಫೋನ್ ಮಾಡಿದ, ಅವರು ವಾಟ್ಸಾಪಿನಲ್ಲಿ ಕಳಿಸಿದರು. ಹೆಡ್ ಆಫೀಸಿನವರಿಗೆ ಉತ್ತರ ಬಾರದಿದ್ದಾಗ ಮ್ಯಾನೇಜರಿಗೆ ನೇರವಾಗಿ ಫೋನ್ ಮಾಡಿದರು. ಎಲ್ಲರಿಗೂ ಇನ್ನೊಂದು ದಾರಿ ಇತ್ತು. ಟ್ಯಾಂಕರಿನವರಿಗೆ ಇದ್ದದ್ದು ನಾನು.

"ಬಂತೇನ್ರಿ?"

"ಇಲ್ರಿ."

ಪ್ರತಿಸಲವೂ ಪಟ್ಟಿಯನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿಯೇ ಹೇಳುತ್ತಿದ್ದೆ. ನೋಡದೆ ಹೇಳಿದೆ ಎಂದು ಯಾರೂ ಅನ್ನುವಂತಿಲ್ಲ. ಒಂದು ದಿನ ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಂಡು ತಲೆ ಕೆಟ್ಟಿತ್ತು.

"ದಿನಾ ಬರಬ್ಯಾಡ್ರಿ. ಬಂದ್ರ ನಾನೇ ಹೇಳಿ ಕಳಸ್ತೀನಿ. ಬಂದಿದ್ದನ್ನ ಇಟಗಂಡು ನಾನೇನು ಉಪ್ಪಿನಕಾಯಿ ಹಾಕ್ತೀನೇನು?" ಎಂದೆ.

ಅವರು ನಕ್ಕರು. ಮರುದಿನ ಕಿಟಕಿಗೆ ಬರಲಿಲ್ಲ. ಅಂಗಳದ ಬೇವಿನ ಮರದ ಹತ್ತಿರ ನಿಂತು ನನ್ನ ಕಡೆ ನೋಡಿದರು. ನಾನು ಅಲ್ಲಿಂದಲೇ ಇಲ್ಲವೆಂದು ಕೈ ಆಡಿಸಿದೆ. ತಲೆಯಾಡಿಸಿ ಹೋದರು. ಹಲವು ದಿನ ಹಾಗೆಯೇ ನಡೆಯಿತು.

ಆಮೇಲೊಂದು ಮಧ್ಯಾಹ್ನ ಮತ್ತೆ ಕಿಟಕಿಯ ಹತ್ತಿರಕ್ಕೇ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಅದರೊಳಗಿಂದ ಒಂದು ಕುಂಚಿಗೆ ತೆಗೆದು ತೋರಿಸಿದರು, ಕೂಸಿನ ತಲೆಗೆ ಹಾಕುವಂಥದ್ದು, ಹಸಿರು ಅಂಚಿನದು. ಸಂಡೂರಿನಲ್ಲಿ ಕೊಂಡದ್ದಂತೆ.

"ನಾಡದು ತೊಟ್ಲದಾಗ ಹಾಕ್ತಾರ್ರಿ. ಮಗಳು ಅಳಾಕತ್ತಾಳ, ನೀ ಬರಲಿಲ್ಲಂದ್ರ ಹೆಂಗಪ್ಪ ಅಂತ. ಹೋಗ್ಲೇನ್ರಿ? ನೀವು ಓದಿದಾರು, ನೀವು ಹೇಳ್ರಿ."

ನಾನು ಪರದೆ ನೋಡಿದೆ. ಪಟ್ಟಿಯಲ್ಲಿ ಇಲ್ಲ. ಎಕ್ಸ್‌ರೇ ತೆಗೆದು ಅಷ್ಟು ದಿನವಾಗಿತ್ತು.

"ಏನಾದ್ರೂ ಇದ್ರ ಇಷ್ಟೊತ್ತಿಗೆ ಕಳಸ್ತಿದ್ರು ಬಿಡ್ರಿ. ಏನೂ ಇಲ್ಲ ಅಂತನೇ ಅರ್ಥ. ಹೋಗಿ ಬರ್ರಿ, ಕೂಸನ್ನ ನೋಡ್ರಿ," ಎಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗೊತ್ತಿಲ್ಲ ಎಂದಿದ್ದರೆ ಸಾಕಿತ್ತು. ಆ ಒಂದು ಪದ ನನ್ನ ಬಾಯಿಗೆ ಬರಲಿಲ್ಲ. ಕೇಳಿದವರಿಗೆ ಬಲ್ಲವಳಂತೆ ಉತ್ತರ ಕೊಡುವುದು ಆಗ ನನಗೆ ಇಷ್ಟವಿತ್ತು.

ಅವರು ಮೂರು ದಿನ ರಜೆ ಹಾಕಿ ಚೋರನೂರಿಗೆ ಹೋದರು.

ಅವರು ಮರಳಿ ಬಂದ ದಿನ ಬೆಳಿಗ್ಗೆ ಕರೆಂಟು ಹೋಯಿತು. ಯುಪಿಎಸ್ ಕೀಚಲು ದನಿಯಲ್ಲಿ ಎರಡು ಸಲ ಕೂಗಿ ಸುಮ್ಮನಾಯಿತು. ಬ್ಯಾಟರಿ ಸತ್ತಿತ್ತು. ವರ್ಷಗಟ್ಟಲೆ ಮುಚ್ಚದ ಪ್ರೋಗ್ರಾಮ್ ಆರಿಹೋಗಿತ್ತು. ಎಲ್ಲ ಮೇಲ್ ಅಳಿಸಿಹೋಯಿತೋ ಏನೋ ಎಂಬ ಹೆದರಿಕೆ. ಕರೆಂಟು ಬಂದ ಮೇಲೆ ಯಂತ್ರ ಹಚ್ಚಿ ಪ್ರೋಗ್ರಾಮ್ ತೆರೆದೆ.

ಏನೂ ಅಳಿಸಿರಲಿಲ್ಲ. ಬದಲಿಗೆ ಪಟ್ಟಿ ತುಂಬಿತ್ತು. ನಾನು ಕಂಡೇ ಇರದ ಸಾಲುಗಳು ಪುಟದ ಮೇಲೆ ಪುಟ, ಎಲ್ಲದರ ಮೊದಲಿಗೂ ಎನ್. ಹೆಡ್ ಆಫೀಸಿನದು, ಬಿಡಿಭಾಗದ್ದು, ಬಸ್ಸಿನ ಗುತ್ತಿಗೆಯದು. ಏನಾಗಿದೆ ಎಂದು ಒಂದು ಕ್ಷಣ ತಿಳಿಯಲಿಲ್ಲ. ಹಬ್ಬದ ಹಿಂದಿನ ದಿನ ನಾನು ಎಲ್ ಒತ್ತಿ ಹೊಡೆದಿದ್ದ ಹೆಸರು ಯಂತ್ರ ಆರಿದಾಗ ಕಳಚಿಹೋಗಿದೆ ಎಂದು ತಿಳಿದ ಮೇಲೆ ಉಗುರಿನಿಂದ ಗಾಜು ಕೆರೆದೆ. ವಿಭೂತಿ ಪುಡಿಪುಡಿಯಾಗಿ ಕೀಲಿಮಣೆಯ ಮೇಲೆ ಬಿತ್ತು. ಕೆಳಗಿನ ಸಾಲಿನಲ್ಲಿ ಈಗ ಒಂದೇ ಅಂಕಿ ಇತ್ತು, ದೊಡ್ಡದು. ಹಬ್ಬದಿಂದ ಅಲ್ಲಿಯವರೆಗೂ ಅಲ್ಲಿ ಎರಡು ಅಂಕಿಗಳಿದ್ದವು, ಕಾಣುವುದು ಎಷ್ಟು, ಇರುವುದು ಎಷ್ಟು ಎಂದು ಪ್ರತಿದಿನ ಸರಿಯಾಗಿ ಹೇಳುತ್ತಿದ್ದವು.

ಬಾಣವನ್ನು ಕೆಳಗೆ ಸರಿಸುತ್ತ ಹೋದೆ. ಎಕ್ಸ್‌ರೇ ವರದಿ ಹಬ್ಬ ಮುಗಿದ ಮರುದಿನವೇ ಬಂದಿತ್ತು. ಉಳಿದವರ ಹೆಸರುಗಳ ಮುಂದೆ ಏನೂ ದೋಷವಿಲ್ಲ ಎಂದಿತ್ತು. ಟ್ಯಾಂಕರಿನವರ ಬಗ್ಗೆ ಬೇರೆಯೇ ಬರೆದಿದ್ದರು. ಎದೆಯಲ್ಲಿ ಕ್ಷಯದ ಲಕ್ಷಣ ಕಾಣುತ್ತಿದೆ, ತಕ್ಷಣ ಕಫ ಪರೀಕ್ಷೆಗೆ ಕಳಿಸಿ, ಅಲ್ಲಿಯವರೆಗೆ ಮನೆಯ ಎಳೆಮಕ್ಕಳಿಂದ ದೂರವಿರಬೇಕು.

ಪ್ರಿಂಟ್ ತೆಗೆದೆ. ಮೇಲೆ ನಾಲ್ಕು ಸಾಲು ಹೆಡರ್ ಬಂದಿತ್ತು: ಯಾರಿಂದ, ಯಾರಿಗೆ, ವಿಷಯ, ದಿನಾಂಕ. ಕತ್ತರಿ ತೆಗೆದುಕೊಂಡು ಆ ನಾಲ್ಕು ಸಾಲನ್ನು ಕತ್ತರಿಸಿದೆ. ಕೈ ನಡುಗಿತು ಎಂದು ಬರೆಯಬೇಕೆನಿಸುತ್ತದೆ, ಆದರೆ ನಡುಗಲಿಲ್ಲ. ಬಹಳ ನೇರವಾಗಿ ಕತ್ತರಿಸಿದ್ದೆ.

ನೀರು ತುಂಬಿಸುವ ಜಾಗಕ್ಕೆ ಓಡಿದೆ. ಅವರು ಟ್ಯಾಂಕರಿನ ಮೇಲೆ ಪೈಪು ಹಿಡಿದು ನಿಂತಿದ್ದರು. ನನ್ನನ್ನು ಕಂಡದ್ದೇ ಮುಖ ಅರಳಿತು. ಕೂಸು ಥೇಟ್ ಅವರ ತಾಯಿಯ ಹಾಗೇ ಇದೆಯಂತೆ, ಮೂರು ದಿನವೂ ಇವರ ತೊಡೆಯ ಮೇಲೆಯೇ ಮಲಗಿತ್ತಂತೆ. ಅಷ್ಟನ್ನೂ ಕೇಳಿಸಿಕೊಂಡು ಹಾಳೆ ಕೊಟ್ಟೆ, ಏನು ಬರೆದಿದೆ ಎಂದು ಹೇಳಿದೆ.

ಅವರು ಬಹಳ ಹೊತ್ತು ಹಾಳೆಯನ್ನೇ ನೋಡಿದರು. ಓದಲು ಬರುತ್ತಿರಲಿಲ್ಲ.

"ಈಗ ಬಂತೇನ್ರಿ ಇದು?"

"ಹೂಂ. ಈಗ ಬಂತು," ಎಂದೆ.

ಸಂಡೂರಿನಲ್ಲಿ ಪರೀಕ್ಷೆಯಾಗಿ ಕ್ಷಯವೆಂದು ಖಾತ್ರಿಯಾಯಿತು. ಮಾತ್ರೆ ಶುರುವಾಯಿತು. ಮಗಳು, ಕೂಸು ಇಬ್ಬರನ್ನೂ ಪರೀಕ್ಷೆಗೆ ಕರೆದೊಯ್ಯಲು ಹೇಳಿದರು, ಒಯ್ದರು. ಆಗ ಏನೂ ಕಾಣಲಿಲ್ಲ. ಬಾಣಂತಿಯನ್ನು ಗಂಡನ ಮನೆಗೆ ಕಳಿಸುವ ಹೊತ್ತಿಗೆ ಕೂಸಿಗೆ ಜ್ವರ ಬಂತು, ಬಿಡಲಿಲ್ಲ. ಬಳ್ಳಾರಿಯ ಆಸ್ಪತ್ರೆಯಲ್ಲಿ ಕ್ಷಯ ಮಿದುಳಿಗೆ ಹತ್ತಿದೆ ಎಂದರು. ಹನ್ನೊಂದು ದಿನ ಅಲ್ಲಿ ಇತ್ತು. ಅಷ್ಟೇ ಬದುಕಿದ್ದು.

ಅಜ್ಜನಿಂದಲೇ ಬಂತೆಂದು ಖಾತ್ರಿಯಾಗಿ ಹೇಳಲಾಗುವುದಿಲ್ಲ, ಬೇರೆ ಕಡೆಯಿಂದಲೂ ಬಂದಿರಬಹುದು ಎಂದು ವೈದ್ಯರು ಹೇಳಿದ್ದರಂತೆ. ಆ ಮಾತನ್ನು ಯಾರೂ ಹಿಡಿದುಕೊಳ್ಳಲಿಲ್ಲ. ನಾನು ಮಾತ್ರ ಬಹಳ ದಿನ ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಮ್ಯಾನೇಜರಿಗೆ ಎಲ್ಲವನ್ನೂ ಹೇಳಿದೆ. ಅವರು ಕೆಟ್ಟವರಲ್ಲ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿದರು.

"ಆಗಿದ್ದು ಆಗಿಹೋತು. ಈಗ ಹೇಳಿದ್ರ ಕೂಸು ಬರ್ತೈತೇನು? ಆ ಮೇಲ್ ತಗದುಬಿಡ್ರಿ, ಸುಮ್ಮನಿರ್ರಿ."

ಕುರ್ಚಿಗೆ ಬಂದು ಡಿ ಒತ್ತಿದೆ. ಸಾಲಿನ ಮುಂದೆ ಗುರುತು ಬಿತ್ತು. ಕಾಗದ ಅಲ್ಲಿಯೇ ಇತ್ತು, ತೆರೆದರೆ ತೆರೆಯುತ್ತಿತ್ತು. ಯು ಒತ್ತಿದೆ. ಮರುದಿನ ಮತ್ತೆ ಡಿ, ಮಧ್ಯಾಹ್ನ ಮತ್ತೆ ಯು. ಎಷ್ಟೋ ದಿನ ನನ್ನ ಕೆಲಸ ಇದೇ ಆಗಿತ್ತು. ಮನೆಯಲ್ಲಿ ಅನ್ನ ಸೇರುತ್ತಿರಲಿಲ್ಲ. ಅವ್ವ ದೃಷ್ಟಿ ತೆಗೆಯುತ್ತೇನೆಂದಳು, ಅಪ್ಪ ಬೈದು ನಿಲ್ಲಿಸಿದರು.

ಟ್ಯಾಂಕರಿನವರು ಕೆಲಸಕ್ಕೆ ಮರಳಿದಾಗ ಅರ್ಧ ಆಳಾಗಿದ್ದರು. ಒಂದು ಮಧ್ಯಾಹ್ನ ತಾವಾಗಿಯೇ ಕಿಟಕಿಗೆ ಬಂದರು, ಕೇಳಲು ಏನೂ ಇಲ್ಲದಿದ್ದರೂ.

"ಮಗಳು ನನ್ನ ಮಕ ನೋಡಿ ಮಾತಾಡಂಗಿಲ್ರಿ," ಎಂದರು. "ಖರೇನ ಐತಿ. ಕಾಗದ ಬರೂತನಕ ತಡೀಬೇಕಿತ್ತು ನಾನು. ಜೀವ ತಡೀಲಿಲ್ಲ. ನೀವರ ಏನು ಮಾಡ್ತೀರಿ, ಬರದಿದ್ದ ಕಾಗದ ಎಲ್ಲಿಂದ ತರ್ತೀರಿ."

ಹೋಗಿ ಬನ್ನಿ ಎಂದು ನಾನು ಹೇಳಿದ್ದನ್ನು ಅವರು ಮರೆತಿದ್ದರೋ, ನನ್ನ ಎದುರಿಗೆ ಆಡಬಾರದೆಂದು ಬಿಟ್ಟರೋ ಗೊತ್ತಾಗಲಿಲ್ಲ. ನನಗೆ ಅಲ್ಲಿ ಕೂರಲಾಗಲಿಲ್ಲ. ನಿಲ್ಲಿ ಎಂದೆ.

ಆ ಪ್ರೋಗ್ರಾಮಿನಲ್ಲಿ ಎಚ್ ಒತ್ತಿದರೆ ಒಂದು ಮೇಲ್‌ನ ಪೂರ್ತಿ ಹೆಡರ್ ತೆರೆಯುತ್ತದೆ. ಕಾಗದ ಯಾವ ಯಾವ ಯಂತ್ರ ದಾಟಿ, ಯಾವ ದಿನ ಎಷ್ಟು ಹೊತ್ತಿಗೆ ನಮ್ಮ ಬಾಗಿಲಿಗೆ ಬಂದು ನಿಂತಿತು ಎಂಬುದೆಲ್ಲ ಅದರಲ್ಲಿರುತ್ತದೆ. ಅಷ್ಟನ್ನೂ ಪ್ರಿಂಟ್ ತೆಗೆದೆ. ಕೆಳಗೆ ಉಳಿದ ಜಾಗದಲ್ಲಿ ಅವರ ಮಗಳಿಗೆಂದು ಕನ್ನಡದಲ್ಲಿ ಬರೆದೆ. ವರದಿ ತೊಟ್ಟಿಲು ಕಾರ್ಯಕ್ಕಿಂತ ಎಷ್ಟೋ ಮೊದಲೇ ಬಂದಿತ್ತು, ನನ್ನ ತಪ್ಪಿನಿಂದ ನಾನು ನೋಡಲಿಲ್ಲ, ನಿಮ್ಮ ತಂದೆ ದಿನಾ ಬಂದು ಕೇಳಿದರು, ಇಲ್ಲವೆಂದೆ, ಊರಿಗೆ ಹೋಗಿ ಎಂದದ್ದೂ ನಾನೇ. ಸಹಿ ಹಾಕಿದೆ. ಕಿಟಕಿಯಿಂದ ಕೊಡಲು ಮನಸ್ಸಾಗದೆ ಹೊರಗೆ ಹೋಗಿ, ಬೇವಿನ ಮರದ ಕೆಳಗೆ ಅವರನ್ನು ಕೂರಿಸಿ, ಬರೆದದ್ದನ್ನು ಓದಿ ಹೇಳಿದೆ. ಕತ್ತರಿಸಿದ ನಾಲ್ಕು ಸಾಲಿನ ವಿಷಯವನ್ನೂ ಹೇಳಿದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ದಿನಾ ನೋಡಿ ಹೇಳ್ತಿದ್ರಲ್ರಿ," ಎಂದರು.

"ನೋಡ್ತಿದ್ದೆ. ಅರ್ಧಾನೇ ನೋಡ್ತಿದ್ದೆ. ಇದನ್ನ ಮಗಳಿಗೆ ತೋರಸ್ರಿ. ನಿಮ್ಮದು ತಪ್ಪಿಲ್ಲ ಅಂತ ಗೊತ್ತಾಗ್ತೈತಿ. ಬಂದು ನನ್ನನ್ನ ಏನು ಬೇಕಾದ್ರೂ ಅನ್ನಲಿ."

ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಹೋದರು. ಆ ವಾರ ನಾನು ದಿನವೂ ಅವರ ಮಗಳನ್ನು ಕಾದೆ. ಬಾಗಿಲಲ್ಲಿ ಯಾವ ಹೆಂಗಸಿನ ನೆರಳು ಬಿದ್ದರೂ ಎದ್ದು ನಿಲ್ಲುತ್ತಿದ್ದೆ. ಬಂದು ಕಪಾಳಕ್ಕೆ ಹೊಡೆದರೆ ಹೇಗೆ ನಿಲ್ಲಬೇಕು ಎಂದೂ ಯೋಚಿಸಿದ್ದೆ.

ಬಂದವರು ಅವರು. ಕಿಟಕಿಯಿಂದ ಕೈ ಚಾಚಿ, ಮಡಿಕೆ ಬಿಚ್ಚದ ಹಾಳೆಯನ್ನು ನನ್ನ ಕೀಲಿಮಣೆಯ ಪಕ್ಕ ಇಟ್ಟರು.

"ಕೊಡಲಿಲ್ರಿ."

"ಯಾಕ್ರಿ?"

"ನಾ ಹೋದ್ರ ಅಕಿ ಗ್ವಾಡಿ ಕಡೆ ಮಕ ಮಾಡಿ ಕುಂತು ಬೈತಾಳ್ರಿ. ಭಾಳ ಬೈತಾಳ. ಬೈದು ಬೈದು ದಣದ ಮ್ಯಾಲೆ ಒಂದೀಟು ಉಣ್ತಾಳ. ನಾ ಹೋಗದ ದಿನ ಉಣ್ಣಂಗೇ ಇಲ್ಲಂತ, ಅವರವ್ವ ಹೇಳಿದಳು." ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡರು. "ನಿಮ್ಮನ್ನ ಅಕಿ ನೋಡಿಲ್ಲ. ನೋಡದಾರನ್ನ ಎಷ್ಟು ದಿನ ಬೈಯಾಕಾಗ್ತೈತ್ರಿ. ನಾನಾದ್ರ ಎದುರಿಗೆ ಇರ್ತೀನಿ."

ಅಷ್ಟು ಹೇಳಿ ಶಿಫ್ಟಿಗೆ ಹೋದರು. ನಾನು ಆ ಹಾಳೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ. ಅಳು ಬರಲಿಲ್ಲ. ಅವರ ಮಗಳು ಇನ್ನು ಬರುವುದಿಲ್ಲ, ನನ್ನ ಮುಖ ಅವಳು ಎಂದೂ ನೋಡುವುದಿಲ್ಲ ಎಂದು ತಿಳಿದಾಗ ನನಗೆ ಮೊದಲು ಆದದ್ದು ಸಮಾಧಾನ. ಅದಕ್ಕಿಂತ ನಾಚಿಕೆಗೇಡಿನ ಸಂಗತಿ ನನ್ನ ಬದುಕಿನಲ್ಲಿ ಇನ್ನೊಂದಿಲ್ಲ.